ಸ್ವಗೃಹದ ಜಾಲತಾಣ: ಒಂದು ಪರಾಮರ್ಶೆ

ಲೇಖಕನು ತನ್ನ ಬರಹವನ್ನು ತನ್ನ ಮನೆಯ ಯಂತ್ರದಲ್ಲಿಯೇ ಇರಿಸಿ ಲೋಕಕ್ಕೆ ತೆರೆದಿಡಬೇಕೆಂಬ ವಾದವು ನಿರಾಧಾರವಾದುದಲ್ಲ. 2009ರಲ್ಲಿ ಜಿಯೋಸಿಟೀಸಿನ ಅಮೆರಿಕನ್ ಸೇವೆ ನಿಂತಾಗ ಪರರ ಆಶ್ರಯದಲ್ಲಿದ್ದ ಅಸಂಖ್ಯ ಪುಟಗಳು ನೆಲೆಗೆಟ್ಟುವು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿದುದನ್ನು ನೆನೆದರೆ, ಇಂಥ ಸ್ವಾವಲಂಬನೆ ಕನ್ನಡಕ್ಕೆ ಹೊಸತೂ ಅಲ್ಲ.

ಆದರೆ ಈ ವಾದವನ್ನು ಅಂಕೋಲೆಯ ಭಾವಿಕೇರಿಯಂಥ ಕಡಲಂಚಿನ ಊರಿನಲ್ಲಿಟ್ಟು ಪರೀಕ್ಷಿಸಬೇಕು. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈಯಂಥ ಅಂಗೈಯಗಲದ ಗಣಕವೇ ಸರ್ವರಾಗಲು ಸಾಕು. ಆಷಾಢದ ಗಾಳಿಗೆ ತಂತಿ ಹರಿದರೆ ತಾಣವೂ ಕತ್ತಲಾಗುವುದು. ಅದನ್ನಾದರೂ ಬ್ಯಾಟರಿಯಿಂದ ನೀಗಿಸಬಹುದು. ವಿಳಾಸದ ಪ್ರಶ್ನೆ ಬೇರೆ. ಹಳೆಯ ಕ್ರಮದ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿಯಷ್ಟೆ; ಆದುದರಿಂದ ಅನೇಕ ಸಂಪರ್ಕದಾತರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಾರೆ. ಅಂಥ ಮನೆಯವರು ಹೊರಗೆ ಹೋಗಬಲ್ಲರು, ಹೊರಗಿನವರು ನೇರವಾಗಿ ಬಾಗಿಲು ತಟ್ಟಲಾರರು. ಕಡೆಗೆ ಪರರ ಸರ್ವರೊಂದರ ಮೂಲಕವೇ ದಾರಿ ತೆಗೆಯಬೇಕಾಗುವುದುಂಟು: ಬಿಟ್ಟುಬಂದ ಮನೆಗೆ ಮತ್ತೆ ಬಾಡಿಗೆ!

ಈ ವಾದಿಗಳು ಅಲಕ್ಷಿಸುವ ಇನ್ನೊಂದು ಸಂಗತಿಯೇ ನನಗೆ ಗುರುತರವೆನಿಸುತ್ತದೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ಒಂದೊಂದು ಫಾಂಟಿನ ಸಂಕೇತಕ್ಕೆ ಕಟ್ಟುಬಿದ್ದು ಸಿದ್ಧವಾದ ಕನ್ನಡ ಪುಟಗಳು, ಆ ಫಾಂಟಿಲ್ಲದೆಡೆ ಇಂದು ಅರ್ಥಹೀನ ಚಿಹ್ನೆಗಳಾಗಿ ತೋರುತ್ತವೆ. ಅವು ಯಾರ ಮನೆಯಲ್ಲಿದ್ದರೂ ಅಷ್ಟೆ. ಸರಳ ಯೂನಿಕೋಡ್ ಪಠ್ಯದಲ್ಲಿ ಬರೆದು, ಒಂದು ಪ್ರತಿಯನ್ನು ಘಟ್ಟದ ಮೇಲಿನ ಗೆಳೆಯನಲ್ಲಿಯೂ ಇರಿಸಿದವನ ಬರಹವು, ಭಾವಿಕೇರಿಯ ಯಂತ್ರಕ್ಕೆ ಉಪ್ಪುಗಾಳಿಯ ತುಕ್ಕು ಹಿಡಿದ ಮೇಲೂ ಓದಲು ಸಿಕ್ಕೀತು.