ನೆಲವನ್ನು ಮರೆತ ಲೆಕ್ಕ

ಬಲಾಬಲದಲ್ಲಿ ಸಮನಲ್ಲದ ಕುದುರೆಗಳಿಗೆ ಬೇರೆ ಬೇರೆ ತೂಕ ಹೊರಿಸಿ, ಗೆಲ್ಲುವ ಅವಕಾಶವನ್ನು ಆದಷ್ಟು ಸಮಗೊಳಿಸುವ ಸ್ಪರ್ಧೆಗೆ ಹ್ಯಾಂಡಿಕ್ಯಾಪ್ ಓಟವೆಂದು ಹೆಸರು. ಹಿಂದಿನ ಓಟಗಳನ್ನು ಆಧರಿಸಿ ಪ್ರತಿ ಕುದುರೆಗೂ ರೇಟಿಂಗ್ ಎಂಬ ಅಂಕಿಯನ್ನು ನಿಗದಿಪಡಿಸಲಾಗುತ್ತದೆ; ನಮ್ಮ ದೇಶದ ರೂಢಿಯಲ್ಲಿ ಒಂದು ಅಂಕಕ್ಕೆ ಅರ್ಧ ಕಿಲೋ ಲೆಕ್ಕವಾದ್ದರಿಂದ, 60 ರೇಟಿಂಗಿನ ಕುದುರೆಯು 50 ರೇಟಿಂಗಿನದಕ್ಕಿಂತ 5 ಕಿಲೋ ಹೆಚ್ಚು ಹೊತ್ತು ಓಡಬೇಕಾಗುತ್ತದೆ. ಜಾಕಿ ಮತ್ತು ಜೀನು ಸೇರಿಯೂ ತೂಕ ಸಾಲದಿದ್ದರೆ ಸೀಸದ ತುಂಡುಗಳನ್ನಿಟ್ಟು ಸರಿದೂಗಿಸುತ್ತಾರೆ. ತೂಕದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ಈ ಪದ್ಧತಿ ಓಟದ ಗತಿ ಮತ್ತು ನೆಲದ ಸ್ಥಿತಿಯನ್ನು ಅಳೆಯುವಾಗ ಸಡಿಲವಾಗುವುದೇ ಅದರ ಮುಖ್ಯ ದೋಷ.

ಗತಿ ಎಂದರೆ ಒಟ್ಟು ಸಮಯವಲ್ಲ. ಆ ಸಮಯವು ದೂರದುದ್ದಕ್ಕೂ ಹೇಗೆ ಹಂಚಿಹೋಯಿತೆಂಬುದು. 1400 ಮೀಟರನ್ನು ಎರಡು ಕುದುರೆಗಳು ಬೇರೆ ಬೇರೆ ದಿನ 86 ಸೆಕೆಂಡುಗಳಲ್ಲೇ ಮುಗಿಸಿದವೆಂದು ಭಾವಿಸೋಣ. ಒಂದು ಮೊದಲ 800 ಮೀಟರಿಗೆ 49 ಸೆಕೆಂಡು ತೆಗೆದುಕೊಂಡು ಉಳಿದ 600ಕ್ಕೆ 37 ಬಳಸಿದ್ದರೆ, ಮತ್ತೊಂದು 51 ಮತ್ತು 35ರಂತೆ ಓಡಿದ್ದರೆ, ಗಡಿಯಾರದ ಮಟ್ಟಿಗೆ ಎರಡೂ ಒಂದೇ ಆದರೂ ದಮ್ಮು ವ್ಯಯವಾದ ರೀತಿ ಬೇರೆಯೇ. ಮುನ್ನುಗ್ಗುವ ಸ್ವಭಾವದ ಎರಡು ಕುದುರೆಗಳು ಆರಂಭದಲ್ಲೇ ಪೈಪೋಟಿಗಿಳಿದರೆ ಎರಡೂ ಕೊನೆಯಲ್ಲಿ ಸೊರಗಿ, ಹಿಂದೆ ಉಳಿದಿದ್ದ ಸಾಧಾರಣ ಕುದುರೆ ಭರ್ಜರಿಯಾಗಿ ಗೆದ್ದಂತೆ ಕಾಣುತ್ತದೆ. ಯಾರೂ ಮುನ್ನುಗ್ಗದ ನಿಧಾನದ ಓಟದಲ್ಲಿ ಎಲ್ಲ ಕುದುರೆಗಳೂ ಗುಂಪಾಗಿ ಗುರಿ ತಲುಪುವುದರಿಂದ ಅವುಗಳ ನಡುವಿನ ನಿಜವಾದ ತಾರತಮ್ಯವೇ ಮರೆಯಾಗುತ್ತದೆ. ಗೆಲುವಿನ ಅಂತರವನ್ನು ಲೆಂಗ್ತ್‌ಗಳಲ್ಲಿ, ಅಂದರೆ ಸುಮಾರು 2.4 ಮೀಟರಿನ ಕುದುರೆಯಳತೆಯಲ್ಲಿ, ಎಣಿಸಿ ಅದನ್ನೇ ತೂಕಕ್ಕೆ ಪರಿವರ್ತಿಸುವವರು ಈ ವ್ಯತ್ಯಾಸವನ್ನು ಕಡೆಗಣಿಸಿದರೆ, ಮುಂದಿನ ಓಟದ ಸೀಸವು ತಪ್ಪು ಕುದುರೆಯ ಬೆನ್ನೇರುತ್ತದೆ.

ನೆಲದ ಪ್ರಶ್ನೆ ಇನ್ನೂ ಜಟಿಲ. ಮೈಸೂರಿನ ಮುಖ್ಯ ಋತು ಮಳೆಗಾಲಕ್ಕೆ ಸೇರಿದ್ದು, ಬೆಂಗಳೂರಿನ ಚಳಿಗಾಲದ ಗಟ್ಟಿ ಹುಲ್ಲುಹಾಸಿನ ಮೇಲೆ ಗಳಿಸಿದ ಹೆಸರನ್ನು ಚಾಮುಂಡಿ ಬೆಟ್ಟದ ಬುಡದ ತೇವದ ನೆಲ ಉಳಿಸಿಕೊಡಬೇಕೆಂದೇನೂ ಇಲ್ಲ. ನೆಲದ ಮೆದುತನವನ್ನು ಅಳೆಯಲು ಬಳಸುವ ಪೆನೆಟ್ರೋಮೀಟರ್, ನಿಗದಿತ ಎತ್ತರದಿಂದ ಭಾರವನ್ನು ಬೀಳಿಸಿ ಲೋಹದ ಕಡ್ಡಿ ಎಷ್ಟು ಆಳ ಇಳಿಯಿತೆಂದು ತೋರಿಸುವ ಸಾಧನ. ಅಂಕಿ ಹೆಚ್ಚಾದಷ್ಟೂ ನೆಲ ಮೆದು. ಸಾಧನ ಒಳ್ಳೆಯದೇ, ಆದರೆ ಇಡೀ ಟ್ರ್ಯಾಕಿಗೆ ಒಂದೇ ಸರಾಸರಿ ಅಂಕಿ ಕೊಟ್ಟಾಗ ಅದರ ಉಪಯೋಗ ಅರ್ಧಕ್ಕಿಳಿಯುತ್ತದೆ. ಕುಂಸಿಯ ಸುತ್ತಲಿನ ಮಲೆನಾಡ ಗದ್ದೆಬಯಲನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಒಂದೇ ಮಳೆಗೆ ಏರಿನ ಜಾಗ ಬೇಗ ಬಸಿದು ಗಟ್ಟಿಯಾದರೆ ತಗ್ಗು ಜವುಗಾಗಿಯೇ ಉಳಿಯುತ್ತದೆ. ಇದರ ಜೊತೆಗೆ, ಸವೆದ ಒಳ ಅಂಚನ್ನು ಕಾಪಾಡಲು ಫಾಲ್ಸ್ ರೇಲ್ ಎಂಬ ತಾತ್ಕಾಲಿಕ ಬೇಲಿಯನ್ನು ಹೊರಕ್ಕೆ ಹಾಕಿದಾಗ ಕುದುರೆಗಳು ಹೊಸ ಹುಲ್ಲಿನ ಮೇಲೆ ಓಡುತ್ತವೆ. ಆ ದಿನದ ಸಮಯವನ್ನು ಹಿಂದಿನ ವಾರದ ಸಮಯದೊಡನೆ ನೇರವಾಗಿ ಹೋಲಿಸುವುದು ಸಲ್ಲದು.

ಇಂಥದೇ ಹೋಲಿಕೆಯ ತಪ್ಪು ರೇಸ್ ಕೋರ್ಸಿನ ಹೊರಗೂ ನಡೆದಿದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಕರೆಯಲ್ಲಿ, ಅಂದರೆ ನೀರು ನಿಲ್ಲಿಸಿದ ಕೆಸರಿನ ಓಟದ ಹಾದಿಯಲ್ಲಿ, ಕೋಣಗಳೊಡನೆ ಓಡಿದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ, ಅದನ್ನು ಭಾಗಿಸಿ 100 ಮೀಟರಿಗೆ 9.55 ಸೆಕೆಂಡೆಂದು ಲೆಕ್ಕ ಹಾಕಿ ಉಸೇನ್ ಬೋಲ್ಟ್‌ನ 9.58ರ ಪಕ್ಕದಲ್ಲಿಡಲಾಯಿತು. ನಿಂತ ನಿಲುವಿನಿಂದ ಹೊರಟವನ ಮೊದಲ ಹೆಜ್ಜೆಗಳು ನಿಧಾನವಾಗಿರುತ್ತವೆಂಬುದನ್ನೂ, ಕೋಣಗಳ ಎಳೆತವನ್ನೂ, ಕೆಸರಿನ ತಡೆಯನ್ನೂ ಆ ಭಾಗಾಕಾರ ಗಣಿಸಲಿಲ್ಲ. ಗೌಡರ ಸಾಧನೆ ಕಂಬಳದ ಅಳತೆಯಲ್ಲೇ ಅಸಾಧಾರಣವಾದದ್ದು. ಅದನ್ನು ಅನ್ಯ ನೆಲಕ್ಕೆ ಎಳೆದು ತಂದದ್ದರಿಂದ ಅದರ ಗೌರವ ಹೆಚ್ಚಲಿಲ್ಲ.

ಕುದುರೆಗಳ ಮೇಲೆ ಬಾಜಿ ಕಟ್ಟುವವರಿಗೂ ಈ ಅಳತೆಯ ಪ್ರಶ್ನೆ ಮುಖ್ಯ. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ಓಟವನ್ನು ಮುಖ್ಯವಾಗಿ ಕೌಶಲದ ಆಟವೆಂದು ತೀರ್ಮಾನಿಸಿತು. ಕೌಶಲವೆಂದರೆ ಪರೀಕ್ಷಿಸಬಹುದಾದ ಮಾಹಿತಿಯ ಮೇಲೆ ನಿಂತ ವಿವೇಚನೆ. ಅಂಥ ಮಾಹಿತಿ ಕೈಗೆ ಸಿಗದವನಿಗೆ ಉಳಿಯುವುದು ಅದೃಷ್ಟ ಮಾತ್ರ, ಮತ್ತು ಅದರಿಂದ ಬರಿದಾಗುವ ಕಿಸೆ ಬಹುಪಾಲು ಸಾಮಾನ್ಯನದು. ಆದ್ದರಿಂದ ಪ್ರತಿ 200 ಮೀಟರಿನ ಸಮಯವನ್ನೂ, ತಿರುವು ಮತ್ತು ನೇರ ಹಾದಿಗಳ ನೆಲದ ಅಂಕಿಯನ್ನೂ ಪ್ರತ್ಯೇಕವಾಗಿ, ಕನ್ನಡದಲ್ಲಿಯೂ, ಓಟದ ದಿನವೇ ಪ್ರಕಟಿಸುವುದನ್ನು ಬೆಂಗಳೂರು ಮತ್ತು ಮೈಸೂರಿನ ಕ್ಲಬ್ಬುಗಳು ತಮ್ಮ ಕರ್ತವ್ಯವೆಂದೇ ಭಾವಿಸಬೇಕು.