ಛಲ ಬೇಕೆನ್ನುವವರು ವೇಳಾಪಟ್ಟಿ ನೋಡಲಿ

ಸೆಕೆಂಡ್ ಪಿಯುಸಿ ವಿಜ್ಞಾನದ ಮಕ್ಕಳ ದಿನಚರಿ ಬಹುತೇಕ ಮನೆಗಳಿಗೆ ಪರಿಚಿತವೇ. ಬೆಳಕು ಹರಿಯುವ ಮೊದಲೇ ಕೋಚಿಂಗ್, ಹಗಲಿಡೀ ಕಾಲೇಜು, ಸಂಜೆ ಟ್ಯೂಷನ್, ರಾತ್ರಿ ಹಾಸ್ಟೆಲಿನ ಸ್ಟಡಿ ಅವರ್. ಬೋರ್ಡ್ ಪರೀಕ್ಷೆ, ಸಿಇಟಿ, ನೀಟ್ ಮೂರಕ್ಕೂ ಒಟ್ಟಿಗೇ ತಯಾರಿ. ಇಷ್ಟರ ನಡುವೆ ಹುಡುಗಿಯೊಬ್ಬಳು ಪುಸ್ತಕದ ಮುಂದೆ ತೂಕಡಿಸಿದರೆ, ಪ್ರಿಪರೇಟರಿಯಲ್ಲಿ ಅಂಕ ಇಳಿದರೆ, 'ಇವಳಿಗೆ ಛಲ ಸಾಲದು' ಎಂಬ ತೀರ್ಪು ಬರುತ್ತದೆ. ಅದರ ಬೆನ್ನಿಗೇ ಮೋಟಿವೇಷನಲ್ ಸ್ಪೀಕರ್ ಕೂಡ ಬರುತ್ತಾರೆ. ಭಾಷಣ ಚೆನ್ನಾಗಿಯೇ ಇರಬಹುದು. ಆದರೆ ಕಾಯಿಲೆ ಒಂದು, ಮದ್ದು ಇನ್ನೊಂದು.

ಭಾಷಣ ಕೇಳಿದ ರಾತ್ರಿ ಎಲ್ಲರೂ ಆರಂಭಶೂರರೇ. 'ನಾಳೆಯಿಂದ ಚೆನ್ನಾಗಿ ಓದುತ್ತೇನೆ' ಎಂಬ ಸಂಕಲ್ಪ ನಾಲ್ಕು ದಿನದಲ್ಲಿ ಸವೆದುಹೋಗುತ್ತದೆ. ಬರೀ ಸಂಕಲ್ಪಕ್ಕಿಂತ, ಯಾವಾಗ, ಎಲ್ಲಿ, ಏನು ಮಾಡುವುದೆಂದು ಮೊದಲೇ ಗೊತ್ತುಮಾಡಿಕೊಂಡವರು ಕೆಲಸ ಪೂರೈಸುವುದು ಹೆಚ್ಚು ಎಂದು ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಜರ್ 1990ರ ದಶಕದಲ್ಲೇ ತೋರಿಸಿದ್ದರು. 'ಸಂಜೆ ಕಾಫಿ ಕುಡಿದೊಡನೆ ಈ ಮೇಜಿನಲ್ಲಿ ಕೂತು ಸ್ಥಾಯಿ ವಿದ್ಯುತ್ತಿನ ಐದು ಲೆಕ್ಕ ಬಿಡಿಸುತ್ತೇನೆ' ಎನ್ನುವುದು ಅಂಥ ನಿರ್ಧಾರ. ಆದರೆ ಹಾಗೆ ಗೊತ್ತುಮಾಡಿಕೊಳ್ಳಲು ತನ್ನದೆನ್ನುವ ಒಂದು ಗಂಟೆ ಬೇಕು. ಎಲ್ಲ ಗಂಟೆಗಳನ್ನೂ ದೊಡ್ಡವರೇ ಹಂಚಿಕೊಂಡು, ಮಗುವಿನಿಂದ ಛಲವನ್ನು ಮಾತ್ರ ಕೇಳುತ್ತಿದ್ದೇವೆ.

ಇನ್ನು ಬ್ರಾಹ್ಮೀ ಮುಹೂರ್ತ. ನಾಲ್ಕಕ್ಕೆ ಎದ್ದು ಓದಿದರೆ ತಲೆಗೆ ಹತ್ತುತ್ತದೆ ಎಂಬ ಮಾತು ರಾತ್ರಿ ಎಂಟಕ್ಕೇ ಊಟ ಮುಗಿಸಿ ಮಲಗುತ್ತಿದ್ದ ಮನೆಗಳಲ್ಲಿ ಸರಿಯಾಗಿಯೇ ಇತ್ತು. ಹನ್ನೊಂದರವರೆಗೆ ದೀಪ ಆರಿಸಲು ಬಿಡದೆ ನಾಲ್ಕಕ್ಕೆ ಎಬ್ಬಿಸಿದರೆ ಉಳಿಯುವುದು ಐದೇ ಗಂಟೆ. 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುತ್ತಾರೆ ನಿದ್ರಾತಜ್ಞರು. ಹರೆಯದಲ್ಲಿ ನಿದ್ದೆ ಹತ್ತುವುದೇ ತಡವಾಗಿ. ಅದು ಸೋಮಾರಿತನವಲ್ಲ, ದೇಹದ ಗಡಿಯಾರವೇ ಆಗ ಹಿಂದಕ್ಕೆ ಸರಿದಿರುತ್ತದೆ. ಅದಕ್ಕೆಂದೇ ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ, ಈ ವಯಸ್ಸಿನವರ ಶಾಲೆ ಬೆಳಿಗ್ಗೆ 8.30ಕ್ಕೆ ಮುಂಚೆ ಶುರುವಾಗಬಾರದೆಂದು ಶಿಫಾರಸು ಮಾಡಿತು. ಓದಿದ್ದು ನೆನಪಿನಲ್ಲಿ ನೆಲೆಯೂರುವುದೂ ನಿದ್ದೆಯಲ್ಲೇ. ಅದನ್ನು ಕತ್ತರಿಸಿ ಓದಿಸುವುದೆಂದರೆ ತೂತುಮಡಕೆಗೆ ನೀರು ಹೊಯ್ದಂತೆ.

ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆಯೆಂದರೆ, ಉತ್ಸಾಹ ಬಂದರೆ ಓದು ಸರಿದಾರಿಯಲ್ಲಿದೆ ಎಂಬುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ಕೆಲವು ವಿದ್ಯಾರ್ಥಿಗಳಿಗೆ ಒಂದೇ ಪಾಠವನ್ನು ಮತ್ತೆ ಮತ್ತೆ ಓದಲು ಹೇಳಿದರು; ಇನ್ನು ಕೆಲವರಿಗೆ ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಾದಷ್ಟನ್ನು ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಕಳೆದು ಪರೀಕ್ಷಿಸಿದಾಗ ಪುಸ್ತಕ ಮುಚ್ಚಿ ಬರೆದವರ ಕೈ ಮೇಲಾಯಿತು. ಸ್ವಾರಸ್ಯವೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆಂಬ ಭರವಸೆ ಹೆಚ್ಚಾಗಿದ್ದದ್ದು ಬರೀ ಓದಿದವರಲ್ಲೇ. ಹಳದಿ ಗೆರೆ ಎಳೆಯುತ್ತ ಪುಟ ತಿರುಗಿಸುವಾಗ ಮನಸ್ಸು ಹಿಗ್ಗುತ್ತದೆ. ಖಾಲಿ ಹಾಳೆಯ ಮುಂದೆ ಕೂತು ಸೂತ್ರ ನೆನಪಾಗದೆ ಪರದಾಡುವಾಗ ಕುಗ್ಗುತ್ತದೆ. ಕಲಿಕೆ ನಡೆಯುವುದು ಹೆಚ್ಚಾಗಿ ಈ ಪರದಾಟದಲ್ಲಿ. ಹಾಗಾಗಿ ಸದಾ ಹುರುಪಿನಿಂದಿರು ಎಂಬ ಉಪದೇಶ, ಸರಿಯಾಗಿ ಓದುತ್ತಿರುವ ಮಗುವಿಗೇ ತನ್ನ ಮೇಲೆ ಅನುಮಾನ ಹುಟ್ಟಿಸಬಲ್ಲದು.

ಶಿಸ್ತಿಲ್ಲದೆ ಯಾರು ಡಾಕ್ಟರಾದರು ಎಂದು ಕೇಳುವವರಿದ್ದಾರೆ. ಒಪ್ಪೋಣ. ಮನೆಯಲ್ಲಿ ಹೇಳಿಕೊಡುವವರಿಲ್ಲದ ಹಳ್ಳಿಯ ಮಕ್ಕಳಿಗೆ ಕೋಚಿಂಗ್ ನಿಜಕ್ಕೂ ಬಾಗಿಲು ತೆರೆದಿದೆ. ಆದರೆ ಫ್ಲೆಕ್ಸ್ ಮೇಲೆ ಕಾಣುವುದು ರ್‍ಯಾಂಕ್ ಬಂದವರ ಮುಖಗಳಷ್ಟೆ. ಅದೇ ತರಗತಿಯಲ್ಲಿ ಕೂತು, ಅದೇ ಭಾಷಣ ಕೇಳಿ, ಅಷ್ಟೇ ನಿದ್ದೆಗೆಟ್ಟೂ ಸೀಟು ಸಿಗದವರಿಗೆ ಯಾರೂ ಫ್ಲೆಕ್ಸ್ ಹಾಕಿಸುವುದಿಲ್ಲ. ಗೆದ್ದವರನ್ನು ಮಾತ್ರ ನೋಡಿ ಛಲದ ಮಹಿಮೆಯನ್ನು ಅಳೆಯಲಾಗದು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಕೂಡ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೋಚಿಂಗ್ ಬೇಡ, ತೀರಾ ಬೆಳಗಿನ ಜಾವ, ತಡರಾತ್ರಿ ಬೇಡ ಎನ್ನುತ್ತದೆ. ಶಿಸ್ತು ಬೇಕೆನ್ನುವವರು ಅದನ್ನು ಮೊದಲು ವೇಳಾಪಟ್ಟಿ ಬರೆಯುವವರಿಂದ ಕೇಳಬೇಕು.

ಆದ್ದರಿಂದ ಅಡ್ಮಿಷನ್ನಿಗೆ ಹೋದ ಅಪ್ಪ ಅಮ್ಮ ಕಳೆದ ವರ್ಷದ ರಿಸಲ್ಟ್ ಕೇಳುವ ಜತೆಗೆ ಇನ್ನೆರಡು ಪ್ರಶ್ನೆ ಕೇಳಲಿ. ಇಲ್ಲಿ ಮಕ್ಕಳು ಎಷ್ಟು ಗಂಟೆ ಮಲಗುತ್ತಾರೆ? ಯಾರೂ ಪಾಠ ಮಾಡದ, ಅವರೇ ಕೂತು ಅಭ್ಯಾಸ ಮಾಡುವ ಹೊತ್ತು ಎಷ್ಟಿದೆ? ಇವಕ್ಕೆ ನೇರ ಉತ್ತರ ಕೊಡಲಾಗದ ಸಂಸ್ಥೆಗೆ ಮಕ್ಕಳ ಛಲದ ಬಗ್ಗೆ ಮಾತಾಡುವ ಹಕ್ಕಿಲ್ಲ.