ವಾದಕ್ಕೆ ಬಗ್ಗದ ಪಾತ್ರಗಳು

ಸುಳ್ಳದಿಂದ ಬಸ್ ಹಿಡಿದು ಹುಬ್ಬಳ್ಳಿಯ ಕಾಲೇಜಿಗೆ ಹೋಗುವ ಹುಡುಗರಲ್ಲಿ ಎಷ್ಟು ಮಂದಿಗೆ ಗೊತ್ತೋ, ಕಾದಂಬರಿಕಾರ ಎಸ್.ಎಲ್. ಭೈರಪ್ಪ ಒಂದು ಕಾಲಕ್ಕೆ ಇದೇ ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. 1950ರ ದಶಕದ ಕೊನೆಯ ಮಾತದು. ಇಲ್ಲಿಂದ ಗುಜರಾತಿಗೆ, ಅಲ್ಲಿಂದ ದಿಲ್ಲಿಗೆ, ಕೊನೆಗೆ ಮೈಸೂರಿಗೆ ಅವರ ಮೇಷ್ಟರಿಕೆ ಸಾಗಿತು. 2025ರ ಸೆಪ್ಟೆಂಬರ್ 24ರಂದು ತೀರಿಕೊಂಡಾಗ ಹೊಗಳಿದವರೂ ತೆಗಳಿದವರೂ ಹೆಚ್ಚಾಗಿ ಅವರ ಹೇಳಿಕೆಗಳನ್ನೇ ಹಿಡಿದು ಮಾತಾಡಿದರು. ಕಾದಂಬರಿಗಳು ಬದಿಗೆ ಸರಿದವು. ಇದರಲ್ಲಿ ಓದುಗರ ತಪ್ಪಷ್ಟೇ ಇಲ್ಲ. ಭೈರಪ್ಪನವರ ಕೊನೆಕೊನೆಯ ಪುಸ್ತಕಗಳೂ ಅದಕ್ಕೆ ದಾರಿ ಮಾಡಿಕೊಟ್ಟಿದ್ದವು.

ತತ್ತ್ವಶಾಸ್ತ್ರ ಅವರ ಓದಿನ ವಿಷಯ. ಪಿಎಚ್.ಡಿ. ಮಾಡಿದ್ದು ಸತ್ಯ ಮತ್ತು ಸೌಂದರ್ಯದ ಸಂಬಂಧ ಕುರಿತು. ಆ ಜಿಜ್ಞಾಸೆ ಅವರ ಕಾದಂಬರಿಗಳ ಬೆನ್ನು ಬಿಡಲೇ ಇಲ್ಲ. ಒಂದು ಪ್ರಶ್ನೆ ಕೈಗೆತ್ತಿಕೊಳ್ಳುವುದು, ಅದಕ್ಕಾಗಿ ಓದುವುದು, ತಿರುಗುವುದು, ಆಮೇಲೆ ಬರೆಯುವುದು ಅವರ ಕ್ರಮ. ಪ್ರಶ್ನೆಗಿಂತ ಪಾತ್ರ ಬಲವಾಗಿದ್ದಲ್ಲಿ ಕಾದಂಬರಿ ಗೆದ್ದಿದೆ, ಪಾತ್ರಕ್ಕಿಂತ ಪ್ರಶ್ನೆ ಬಲವಾದಲ್ಲಿ ಸೋತಿದೆ ಎಂಬುದು ನನ್ನ ಎಣಿಕೆ.

ಗೆದ್ದದ್ದಕ್ಕೆ ಸಾಕ್ಷಿ 1970ರ 'ಗೃಹಭಂಗ'. ಚನ್ನರಾಯಪಟ್ಟಣ ಸೀಮೆಯ ಬಡತನ, ಪ್ಲೇಗು, ಬಾಯಿಬಡಕಿ ಅತ್ತೆ ಗಂಗಮ್ಮ, ಹೊಟ್ಟೆಬಾಕ ಗಂಡ ಚೆನ್ನಿಗರಾಯ. ಇವರ ನಡುವೆ ನಂಜಮ್ಮ ಮುತ್ತುಗದೆಲೆ ಹಚ್ಚಿ ಸಂಸಾರ ತೂಗಿಸುತ್ತಾಳೆ. ಗಂಡನ ಕೈಲಾಗದ ಶಾನುಭೋಗಿಕೆಯ ಲೆಕ್ಕವನ್ನೂ, ನಮ್ಮ ಕಡೆಯಾದರೆ ಕುಲಕರ್ಣಿಕೆ ಎನ್ನುತ್ತೇವೆ, ತಾನೇ ಬರೆದಿಡುತ್ತಾಳೆ. ಆ ದಫ್ತರ ಹೆಂಗಸಿನ ಕೈಬರಹದ್ದು, ಹೆಸರು ಗಂಡಸಿನದು. ಹೆಣ್ಣಿನ ದುಡಿಮೆ ಯಾರ ಖಾತೆಗೆ ಜಮಾ ಆಗುತ್ತದೆಂಬುದರ ಬಗ್ಗೆ ಲೇಖಕರು ಒಂದು ಸಾಲು ಭಾಷಣ ಮಾಡುವುದಿಲ್ಲ; ಮಾಡುವ ಅಗತ್ಯವೇ ಇಲ್ಲ. ಭೈರಪ್ಪ ಎಳವೆಯಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ಅಷ್ಟಾದರೂ ಬರವಣಿಗೆಯಲ್ಲಿ ಕಣ್ಣೀರಿಲ್ಲ. ಸಾವು ಬರುತ್ತದೆ, ಮರುದಿನ ಒಲೆ ಹಚ್ಚಬೇಕಾಗುತ್ತದೆ, ಅಷ್ಟೇ.

'ಮಂದ್ರ'ದ (2001) ಕತೆ ಬೇರೆ. ಕಲಾವಿದನ ಸಿದ್ಧಿಗೂ ಅವನ ನಡತೆಗೂ ನಂಟುಂಟೇ ಎಂಬ ತಮ್ಮ ಹಳೆಯ ಪ್ರಶ್ನೆಯನ್ನು ಅವರು ಇಲ್ಲಿ ಹಿಂದೂಸ್ತಾನಿ ಗಾಯಕ ಮೋಹನಲಾಲನ ಮೂಲಕ ಕೇಳುತ್ತಾರೆ. ಶಿಷ್ಯೆ ಮಧುಮಿತಾಳಿಂದ ಅವನು ಬಯಸುವ ಗುರುದಕ್ಷಿಣೆ ಅವಳ ದೇಹ. ವಿದ್ಯೆಯೂ ಬೇಕು, ಮಾನವೂ ಉಳಿಯಬೇಕು ಎಂದು ಅವಳು ತೊಳಲಾಡುವ ಭಾಗದಲ್ಲಿ ಭೈರಪ್ಪ ತೀರ್ಪು ಕೊಡುವ ಅವಸರ ತೋರುವುದಿಲ್ಲ. ಕೆಟ್ಟ ಮನುಷ್ಯನ ಕಂಠದಿಂದ ಹೊರಟ ರಾಗ ಕೆಟ್ಟದ್ದಲ್ಲ ಎಂಬ ಸತ್ಯ ಅವರಿಗೇ ಇರುಸುಮುರುಸು ಮಾಡಿದೆ. ಕಾದಂಬರಿಯ ಜೀವ ಇರುವುದು ಅಲ್ಲಿ. ಬರಬರುತ್ತ ಮೋಹನಲಾಲನ ಲಂಪಟತನ ಒಂದೇ ಧಾಟಿಯಲ್ಲಿ ಮರುಕಳಿಸಿ ಬೇಸರ ತರಿಸುತ್ತದೆ. ಹೆಂಗಸರು ಒಬ್ಬರಾದ ಮೇಲೊಬ್ಬರು ಅವನ ಚಾರಿತ್ರ್ಯಕ್ಕೆ ಸಾಕ್ಷಿ ಹೇಳಲಿಕ್ಕೇ ಬಂದು ಹೋದಂತಿದೆ.

ನಮ್ಮ ಸೀಮೆಯವರಿಗೆ ಇನ್ನೊಂದು ತಕರಾರೂ ಇದೆ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಗಾಯಕ ಮಲ್ಲಿಕಾರ್ಜುನ ಮನಸೂರರ ಆತ್ಮಕತೆ 'ನನ್ನ ರಸಯಾತ್ರೆ' ಓದಿದವರಿಗೆ ಗುರುಶಿಷ್ಯರ ನಡುವಿನ ಅಕ್ಕರೆಯ ಇನ್ನೊಂದು ಮುಖ ಗೊತ್ತು. ಕಾದಂಬರಿಕಾರ ಎಲ್ಲರನ್ನೂ ತರಬೇಕಾಗಿಲ್ಲ, ಒಪ್ಪುತ್ತೇನೆ. ಆದರೆ ಕಲೆ ಮತ್ತು ನಡತೆಯ ಪ್ರಶ್ನೆಯನ್ನು ಎತ್ತಿದ ಮೇಲೆ ಸಜ್ಜನ ಗಾಯಕನನ್ನೂ ಮೋಹನಲಾಲನಷ್ಟೇ ರಕ್ತಮಾಂಸ ತುಂಬಿ ಎದುರು ನಿಲ್ಲಿಸಿದ್ದರೆ ಚರ್ಚೆ ಸರಿಸಮ ಆಗುತ್ತಿತ್ತು.

ಸೋಲು ಎದ್ದು ಕಾಣುವುದು 2007ರ 'ಆವರಣ'ದಲ್ಲಿ. ಕೆಲವೇ ತಿಂಗಳಲ್ಲಿ ಮರುಮುದ್ರಣದ ಮೇಲೆ ಮರುಮುದ್ರಣ ಕಂಡ ಪುಸ್ತಕ. ಭೈರಪ್ಪ ವಾದಪಟು, ಕತೆಗಾರರಲ್ಲ ಎಂಬರ್ಥದಲ್ಲಿ ಕಾದಂಬರಿಕಾರ ಯು.ಆರ್. ಅನಂತಮೂರ್ತಿ ಕಟಕಿಯಾಡಿದ್ದರು. ಎಲ್ಲ ಪುಸ್ತಕಗಳಿಗೂ ಒಪ್ಪುವ ಮಾತಲ್ಲ ಅದು, ಈ ಪುಸ್ತಕಕ್ಕೆ ಒಪ್ಪುತ್ತದೆ. ಮದುವೆಗಾಗಿ ಮತಾಂತರಗೊಂಡು ರಜಿಯಾ ಆಗಿದ್ದ ಲಕ್ಷ್ಮಿ ತಂದೆಯ ಪುಸ್ತಕಗಳನ್ನು ಓದುತ್ತ ಹೋಗುತ್ತಾಳೆ; ನಾವು ಅವಳನ್ನು ಓದುವುದು ನಿಂತು ಅವಳ ಟಿಪ್ಪಣಿಗಳನ್ನು ಓದತೊಡಗುತ್ತೇವೆ. ಕಾದಂಬರಿಯೊಳಗೇ ಆಕರಗ್ರಂಥಗಳ ಪಟ್ಟಿ ಬರುತ್ತದೆ. ನಂಬಿ ಎಂದು ಓದುಗನನ್ನು ಕೇಳಿಕೊಳ್ಳುವ ಪಟ್ಟಿ ಅದು. ನಂಜಮ್ಮನನ್ನು ನಂಬಲು ಯಾವ ಪಟ್ಟಿ ಬೇಕಾಗಿತ್ತು? ಮೂರು ವರ್ಷದ ನಂತರ ಬಂದ 'ಕವಲು' ಕಾದಂಬರಿಯ ಮಂಗಳೆ, ನಂಜಮ್ಮನನ್ನು ಸೃಷ್ಟಿಸಿದ ಕೈಯಿಂದಲೇ ಬಂದವಳೆಂದರೆ ನಂಬಲಾಗದು. ಅವಳು ಆರೋಪಪಟ್ಟಿಯಿಂದ ಎದ್ದುಬಂದ ಹೆಂಗಸು.

ಭಾಷೆಯ ಬೆಡಗು ಭೈರಪ್ಪನವರಿಗೆ ಬೇಕಿರಲಿಲ್ಲ. ನೇರ ಗದ್ಯ, ಕೆಲವೆಡೆ ಒರಟು. ಧಾರವಾಡದ ಸಾಹಿತಿಗಳಲ್ಲಿ ಮೂಗು ಮುರಿದವರಿದ್ದಾರೆ. ಆದರೂ 'ಪರ್ವ'ದಂಥ ದಪ್ಪ ಪುಸ್ತಕವನ್ನು ಎರೆಹೊಲದ ಸುಗ್ಗಿ ಮುಗಿಸಿ ಕೂತ ರೈತನೂ ಪುಟ ಬಿಡದೆ ಓದುವುದು ಆ ಗದ್ಯದಿಂದಲೇ. ಮಹಾಭಾರತದ ಪವಾಡಗಳನ್ನು ಕಳಚಿಟ್ಟು ಕುಂತಿಯನ್ನೂ ದ್ರೌಪದಿಯನ್ನೂ ತಮ್ಮ ಬಾಳನ್ನು ತಾವೇ ನೆನೆಯಲು ಬಿಟ್ಟ ಆ ಧೈರ್ಯ ಸಣ್ಣದಲ್ಲ.

ಭೈರಪ್ಪನವರನ್ನು ಹೊಸದಾಗಿ ಓದಹೊರಟವರಿಗೆ ನನ್ನ ಸಲಹೆ ಇಷ್ಟೇ: ಗದ್ದಲದ ಪುಸ್ತಕಗಳಿಂದ ಶುರು ಮಾಡಬೇಡಿ. ಮೊದಲು 'ಗೃಹಭಂಗ', ಆಮೇಲೆ 'ಪರ್ವ', ಪುರುಸೊತ್ತಿದ್ದಾಗ 'ಮಂದ್ರ'. 'ಆವರಣ'ದ ಜಗಳಕ್ಕೆ ಇಳಿಯುವುದಿದ್ದರೆ ಇವನ್ನು ಮುಗಿಸಿಯೇ ಇಳಿಯಿರಿ.